ಲಂಡನ್‌ನ ಆಲ್ಡ್‌ವಿಚ್ ನಿಲ್ದಾಣ: ಮುಚ್ಚಿಸಿದ್ದು ಲಿಫ್ಟಾ, ಹುಟ್ಟಿದ ಗಳಿಗೆಯಾ?

ಹಳಿಗುಂಟ

ಮುಚ್ಚಿದ ಮೆಟ್ರೊ ನಿಲ್ದಾಣಗಳ ಮಾತು ನಮ್ಮ ಈ ಚರ್ಚಾಕಟ್ಟೆಯಲ್ಲಿ ಬಂದಾಗಲೆಲ್ಲ ಮೂರನೇ ಉತ್ತರಕ್ಕೇ ದೆವ್ವ ಹಾಜರಾಗುತ್ತೆ. ಈ ಸಲ ದೆವ್ವಕ್ಕೆ ರಜೆ ಕೊಟ್ಟು ಒಂದೇ ನಿಲ್ದಾಣದ ಇತಿಹಾಸ ಹಿಡಿದು ಕೂರೋಣ: ಲಂಡನ್ನಿನ ಆಲ್ಡ್‌ವಿಚ್. ಪಿಕಡಿಲಿ ಮಾರ್ಗದ ಹೋಬರ್ನ್‌ನಿಂದ ದಕ್ಷಿಣಕ್ಕೆ ಅರ್ಧ ಕಿಲೋಮೀಟರಿಗೆ ತುಸು ಹೆಚ್ಚು ದೂರ ಚಾಚಿದ ಒಂದು ಕವಲು, ಅದರ ತುದಿಯಲ್ಲಿ ಈ ಒಂದೇ ನಿಲ್ದಾಣ. ತೆರೆದದ್ದು 1907ರ ನವೆಂಬರ್ 30ರಂದು, ಮುಚ್ಚಿದ್ದು 1994ರ ಸೆಪ್ಟೆಂಬರ್ 30ರಂದು.

ಯಾಕೆ ಮುಚ್ಚಿದರು ಅಂದರೆ ಎಲ್ಲ ಕಡೆ ಒಂದೇ ಉತ್ತರ. 1907ರ ಲಿಫ್ಟ್‌ಗಳು ಹಳತಾಗಿದ್ದವು, ಬದಲಿಸೋಕೆ 30 ಲಕ್ಷ ಪೌಂಡ್ ಬೇಕಿತ್ತು, ದಿನಕ್ಕೆ ಬರ್ತಿದ್ದದ್ದು 450 ಜನ. ಲೆಕ್ಕ ಮುಗೀತು. ನಾನು ಇದನ್ನ ಒಪ್ಪಲ್ಲ. ಲಿಫ್ಟ್ ಅನ್ನೋದು ಸಾವಿನ ಸರ್ಟಿಫಿಕೇಟಿನಲ್ಲಿ ಬರೆದ ಕಾರಣ. ರೋಗ ಶುರುವಾಗಿದ್ದು 1902ರಲ್ಲಿ, ಅಂದರೆ ನಿಲ್ದಾಣ ಕಟ್ಟೋಕೂ ಮೊದಲು.

ಮೊದಲು ಎರಡು ಬೇರೆ ಬೇರೆ ಕಂಪನಿಗಳಿದ್ದವು. ಒಂದು, ಗ್ರೇಟ್ ನಾರ್ದರ್ನ್ ಅಂಡ್ ಸ್ಟ್ರಾಂಡ್ ರೈಲ್ವೆ. ಉತ್ತರದ ವುಡ್ ಗ್ರೀನ್‌ನಿಂದ ಕಿಂಗ್ಸ್ ಕ್ರಾಸ್, ಹೋಬರ್ನ್ ದಾಟಿ ನೇರ ಸ್ಟ್ರಾಂಡ್ ರಸ್ತೆಗೆ ಇಳಿಯೋ ಸುರಂಗದ ಯೋಜನೆ ಅವರದು. 1899ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆಯೂ ಸಿಕ್ಕಿತ್ತು. ಇನ್ನೊಂದು, ಪಶ್ಚಿಮದ ಬ್ರಾಂಪ್ಟನ್‌ನಿಂದ ಪಿಕಡಿಲಿ ಸರ್ಕಸ್‌ಗೆ ಬರೋ ಯೋಜನೆ. ಶಿಕಾಗೋದ ಟ್ರ್ಯಾಮ್ ಕುಳ ಚಾರ್ಲ್ಸ್ ಯರ್ಕ್ಸ್ ಲಂಡನ್‌ಗೆ ಬಂದು ಈ ಎರಡನ್ನೂ ಒಂದೇ ಕೈಗೆ ತಂದ. ಪಿಕಡಿಲಿ ಸರ್ಕಸ್‌ನಿಂದ ಹೋಬರ್ನ್‌ವರೆಗೆ ಹೊಸ ತುಂಡು ಸೇರಿಸಿ 1902ರಲ್ಲಿ ಎರಡು ಮಾರ್ಗವನ್ನ ಒಂದು ಮಾಡಿದರು. ಅಲ್ಲಿಗೆ ಉತ್ತರದಿಂದ ಬಂದ ರೈಲೆಲ್ಲ ಹೋಬರ್ನ್‌ನಲ್ಲಿ ಪಶ್ಚಿಮಕ್ಕೆ ತಿರುಗಿಬಿಡ್ತು. ಸ್ಟ್ರಾಂಡ್ ಕಡೆಗೆ ಹೋಗಬೇಕಿದ್ದ ಕೊನೆಯ ತುಂಡು ಮಾತ್ರ ಯಾರಿಗೂ ಬೇಡವಾಗಿ ಉಳೀತು. ಒಪ್ಪಿಗೆ ಸಿಕ್ಕಿದೆ, ಬಿಡೋದ್ಯಾಕೆ ಅಂತ ಕಟ್ಟಿದರು. ಮುಖ್ಯ ಮಾರ್ಗದ ಕೊನೇ ನಿಲ್ದಾಣ ಆಗಬೇಕಿದ್ದದ್ದು ಬಾಲ ಆಯ್ತು.

ಯರ್ಕ್ಸ್ 1905ರ ಡಿಸೆಂಬರ್‌ನಲ್ಲೇ ತೀರಿಕೊಂಡ. ತಾನು ದುಡ್ಡು ಹೊಂದಿಸಿದ ಹೊಸ ಸುರಂಗ ಮಾರ್ಗಗಳಲ್ಲಿ ಒಂದೂ ತೆರೆದದ್ದನ್ನ ಅವನು ನೋಡಲಿಲ್ಲ.

ಸಂಶಯಪ್ಪ

ಕತೆ ಚೆನ್ನಾಗಿದೆ, ವಾದ ಅಷ್ಟಿಲ್ಲ. ಹುಟ್ಟಿದಾಗಲೇ ರೋಗ ಇದ್ದ ನಿಲ್ದಾಣ 87 ವರ್ಷ ಹೇಗೆ ಬದುಕಿತು ಸ್ವಾಮಿ? ಅದೇ ಪಿಕಡಿಲಿ ಮಾರ್ಗದ ಡೌನ್ ಸ್ಟ್ರೀಟ್ 1907ರಲ್ಲೇ ತೆರೆದು 1932ಕ್ಕೆ ಮುಚ್ಚಿಹೋಯ್ತು. ಯಾರ್ಕ್ ರೋಡ್ 1932ಕ್ಕೆ, ಬ್ರಾಂಪ್ಟನ್ ರೋಡ್ 1934ಕ್ಕೆ. ಅವೆಲ್ಲ ಮುಖ್ಯ ಮಾರ್ಗದ ಮೇಲೇ ಇದ್ದವು. ನೀವು ಹೇಳೋ ಹಾಗಿದ್ದರೆ ಆಲ್ಡ್‌ವಿಚ್ ಅವುಗಳಿಗಿಂತ ಮೊದಲು ಹೋಗಬೇಕಿತ್ತು.

ಹೋಬರ್ನ್ ಅಕ್ಕ

ನಾನು ಕೆಲಸಕ್ಕೆ ದಿನಾ ಆ ಕಡೇನೇ ಓಡಾಡೋದು, ಕಟ್ಟಡದ ಬಗ್ಗೆ ಸ್ವಲ್ಪ ಹೇಳ್ತೀನಿ.

ಹೊರಗೆ ಹಳೆಯ ರಕ್ತದ ಬಣ್ಣದ ಹೊಳಪು ಟೆರಾಕೋಟ. ಲೆಸ್ಲಿ ಗ್ರೀನ್ ಅನ್ನೋ ವಾಸ್ತುಶಿಲ್ಪಿ ಯರ್ಕ್ಸ್ ಕಂಪನಿಗೆ ಮಾಡಿಕೊಟ್ಟ ಮಾದರಿ ಇದು. ಆ ಕಾಲದ ಹತ್ತಾರು ನಿಲ್ದಾಣಗಳು ಇದೇ ಬಣ್ಣದಲ್ಲಿವೆ, ಕೋವೆಂಟ್ ಗಾರ್ಡನ್, ರಸೆಲ್ ಸ್ಕ್ವೇರ್ ನೋಡಿದವರಿಗೆ ಥಟ್ಟನೆ ಗೊತ್ತಾಗುತ್ತೆ. ಪಾಪ, ಅಷ್ಟನ್ನೂ ಕೆಲವೇ ವರ್ಷದಲ್ಲಿ ಮಾಡಿ ಮುಗಿಸಿ 1908ರಲ್ಲಿ 33ನೇ ವಯಸ್ಸಿಗೇ ಹೋಗಿಬಿಟ್ಟ.

ಆಲ್ಡ್‌ವಿಚ್‌ಗೆ ಎರಡು ಮುಖ. ಮೂಲೆಯ ಕಟ್ಟಡ ಇವರದಲ್ಲ, ಅದನ್ನ ಬಳಸಿಕೊಂಡು ಎಲ್ ಆಕಾರದಲ್ಲಿ ಕಟ್ಟಿದ್ದಾರೆ. ಸ್ಟ್ರಾಂಡ್ ರಸ್ತೆ ಕಡೆಗೆ ಒಂದು ಕಿರಿದಾದ ಬಾಗಿಲು, ಮೇಲೆ ಅರ್ಧ ಚಂದ್ರಾಕಾರದ ಒಂದೇ ಕಿಟಕಿ. ಪಕ್ಕದ ಸರ್ರೆ ಸ್ಟ್ರೀಟ್ ಕಡೆಗೆ ಅಗಲವಾದ ಇನ್ನೊಂದು ಮುಖ. ಆ ಜಾಗದಲ್ಲಿ ಮೊದಲು ರಾಯಲ್ ಸ್ಟ್ರಾಂಡ್ ಥಿಯೇಟರ್ ಇತ್ತು, 1905ರಲ್ಲಿ ಅದನ್ನ ಮುಚ್ಚಿ ಕೆಡವಿದರು.

ಹೊಸದಾಗಿ ನೋಡೋರಿಗೆ ಒಂದು ಗೊಂದಲ: ಗೋಡೆ ಮೇಲೆ ಈಗಲೂ ಸ್ಟ್ರಾಂಡ್ ಸ್ಟೇಷನ್ ಅಂತಲೇ ಇದೆ. ಮೊದಲ ಹೆಸರು ಅದೇ. 1915ರ ಮೇ ತಿಂಗಳಲ್ಲಿ ಆ ಹೆಸರನ್ನ ಪಕ್ಕದ ಚೇರಿಂಗ್ ಕ್ರಾಸ್ ಕಡೆಯ ನಿಲ್ದಾಣಕ್ಕೆ ಕೊಟ್ಟು, ಇದಕ್ಕೆ ಆಲ್ಡ್‌ವಿಚ್ ಅಂತ ಇಟ್ಟರು. ಹಾಗಾಗಿ ಹಳೇ ನಕ್ಷೆ ನೋಡುವಾಗ ಇಸವಿ ನೋಡದೆ ಸ್ಟ್ರಾಂಡ್ ಅಂದರೆ ಇದೇ ಅಂದುಕೊಳ್ಳಬೇಡಿ.

ಬೋಗಿಬಾಬು

ಹಳಿಗುಂಟ ಅವರ ವಾದಕ್ಕೆ ಕಟ್ಟಡದೊಳಗೇ ಸಾಕ್ಷಿ ಇದೆ. ರೈಲ್ವೆ ಸಿವಿಲ್ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು ನಾನು, ಇಂಥದ್ದು ಕಣ್ಣಿಗೆ ಬೀಳುತ್ತೆ.

ಅಲ್ಲಿ ಲಿಫ್ಟ್‌ಗೆ ಅಂತ ಮೂರು ದುಂಡು ಬಾವಿ ತೋಡಿದ್ದಾರೆ. ಒಂದೊಂದಕ್ಕೆ ಎರಡರಂತೆ ಆರು ಲಿಫ್ಟ್ ಹಿಡಿಯುವಷ್ಟು ಜಾಗ. ಪೆಟ್ಟಿಗೆಗಳು ಚೌಕವಲ್ಲ, ಒಂದು ಕಡೆ ಅಗಲ, ಒಂದು ಕಡೆ ಕಿರಿದು. ದುಂಡನೆ ಬಾವಿಯಲ್ಲಿ ಎರಡು ಅಕ್ಕಪಕ್ಕ ಕೂರಲಿ ಅಂತ. ಎಳೆಯೋ ಯಂತ್ರಗಳು ಟಿಕೆಟ್ ಹಾಲ್‌ನ ಮೇಲಿನ ಮಹಡಿಯಲ್ಲಿ. ಆ ಭಾರ ಹೊರೋಕೆ ಮತ್ತು ಮುಂದೆ ಯಾರಾದರೂ ಮೇಲೆ ಆಫೀಸು ಕಟ್ಟಲಿ ಅಂತಲೂ ಗ್ರೀನ್ ತನ್ನ ನಿಲ್ದಾಣಗಳಿಗೆ ಉಕ್ಕಿನ ಚೌಕಟ್ಟು, ಮಟ್ಟಸವಾದ ತಾರಸಿ ಇಟ್ಟಿದ್ದ.

ಆರು ಲಿಫ್ಟ್‌ಗೆ ಜಾಗ ಮಾಡಿದವರು ಹಾಕಿದ್ದು ಎರಡೇ. ಉಳಿದೆರಡು ಬಾವಿ ಕೆಳಗಿನಿಂದ ನೆಲಮಾಳಿಗೆವರೆಗೆ ಬಂದು ನಿಂತಿವೆ, ಮೇಲಕ್ಕೆ ಬಂದೇ ಇಲ್ಲ. ಯಾಕೆ ಅಷ್ಟು ತೋಡಿದರು? ಇಲ್ಲಿಂದ ನದಿಯಡಿ ವಾಟರ್‌ಲೂಗೆ ಮಾರ್ಗ ಮುಂದುವರಿಯುತ್ತೆ ಅಂತ ಆಗ ಆಸೆ ಇತ್ತು. ಮುಂದುವರಿದಿದ್ದರೆ ಆರು ಲಿಫ್ಟೂ ಬೇಕಾಗ್ತಿತ್ತು.

ಆದರೆ ಪ್ಲಾಟ್‌ಫಾರ್ಮ್ ನೋಡಿ. ಅದೇ ಮಾರ್ಗದ ಉಳಿದ ಕಡೆ 350 ಅಡಿ ಕೊಟ್ಟವರು ಇಲ್ಲಿ 250 ಅಡಿಗೆ ನಿಲ್ಲಿಸಿದರು. ಅಂದರೆ ಬಾವಿ ತೋಡಿದವನು ದೊಡ್ಡ ನಿಲ್ದಾಣ ಅಂದುಕೊಂಡಿದ್ದ, ಪ್ಲಾಟ್‌ಫಾರ್ಮ್ ಕಟ್ಟೋ ಹೊತ್ತಿಗೆ ದುಡ್ಡು ಕೊಡೋನಿಗೆ ನಂಬಿಕೆ ಹೋಗಿತ್ತು. ಎರಡು ಪ್ಲಾಟ್‌ಫಾರ್ಮ್‌ಗಳಲ್ಲಿ ಪೂರ್ವದ್ದಕ್ಕೆ ಟೈಲ್ಸ್ ಕೂಡ ಪೂರ್ತಿ ಹಾಕಲಿಲ್ಲ! ನಮ್ಮ ಮೆಟ್ರೊದಲ್ಲಿ 2011ರಲ್ಲಿ ಮೂರೇ ಬೋಗಿ ಓಡಿಸಿದರೂ ಪ್ಲಾಟ್‌ಫಾರ್ಮ್ ಆರು ಬೋಗಿಗೆ ಕಟ್ಟಿದ್ದರು, ಅದಕ್ಕೇ ಆಮೇಲೆ ತೊಂದರೆ ಆಗಲಿಲ್ಲ. ಇಲ್ಲಿ ಉಲ್ಟಾ.

ಕರಾವಳಿ ಕಾಗೆ

ಥಿಯೇಟರ್ ಕೆಡವಿದ್ದು ಅಂದ್ರಲ್ಲ, ಆ ಥಿಯೇಟರಿನ ನಟಿಯೊಬ್ಬಳು ಸುರಂಗದಲ್ಲಿ ಈಗಲೂ ತಿರುಗ್ತಾಳೆ ಅಂತ ಉಂಟಲ್ಲ ಮಾರಾಯ್ರೆ?

ಹಳಿಗುಂಟ

ಮೂರಲ್ಲ, ನಾಲ್ಕನೇ ಉತ್ತರಕ್ಕೆ ಬಂತು. ಪ್ರಗತಿ.

ಹೋಬರ್ನ್ ಅಕ್ಕ

ಕಾಗೆಯಣ್ಣ, ನಾಟಕದ ಸಂಬಂಧ ಬೇಕಿದ್ದರೆ ನಿಜವಾದದ್ದೇ ಇದೆ. ಶುರುವಿನಲ್ಲಿ ರಾತ್ರಿ ನಾಟಕ ಬಿಟ್ಟ ಮೇಲೆ ಮನೆಗೆ ಹೋಗೋರಿಗಾಗಿ ಸ್ಟ್ರಾಂಡ್‌ನಿಂದ ನೇರ ಉತ್ತರದ ಫಿನ್ಸ್‌ಬರಿ ಪಾರ್ಕ್‌ಗೆ ಒಂದು ರೈಲು ಬಿಡ್ತಿದ್ದರು. ಹೋಬರ್ನ್‌ನಲ್ಲಿ ಬದಲಿಸೋ ಗೋಜಿಲ್ಲ. ಆ ಸುತ್ತಲೆಲ್ಲ ರಂಗಮಂದಿರಗಳೇ, ಜನ ತುಂಬುತ್ತಾರೆ ಅಂತ ಲೆಕ್ಕ. 1908ರಲ್ಲೇ ಅದನ್ನ ನಿಲ್ಲಿಸಿದರು. ಮೂಲ ಯೋಜನೆ ಹೇಗಿರಬೇಕಿತ್ತೋ ಹಾಗೆ ನೇರವಾಗಿ ಓಡಿದ್ದು ಅದೊಂದೇ ರೈಲು ಅನ್ನಬಹುದು. ಉಳಿದ ಹೊತ್ತೆಲ್ಲ ಹೋಬರ್ನ್‌ಗೆ ಹೋಗು, ವಾಪಸ್ ಬಾ.

ಸಂಶಯಪ್ಪ

ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. 1930ರ ದಶಕದಲ್ಲಿ ಇದು ಹೇಗೆ ಉಳಿಯಿತು?

ಹಳಿಗುಂಟ

ಬಂದೆ. ಇದೇ ನನಗೆ ಈ ನಿಲ್ದಾಣದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಭಾಗ.

ಡೌನ್ ಸ್ಟ್ರೀಟ್, ಯಾರ್ಕ್ ರೋಡ್, ಬ್ರಾಂಪ್ಟನ್ ರೋಡ್ ಮುಚ್ಚಿದ್ದು ಜನ ಕಡಿಮೆ ಅನ್ನೋ ಒಂದೇ ಕಾರಣಕ್ಕಲ್ಲ. 1932–33ರಲ್ಲಿ ಪಿಕಡಿಲಿ ಮಾರ್ಗ ಎರಡೂ ಕಡೆ ಉದ್ದವಾಯ್ತು. ಉತ್ತರದಲ್ಲಿ ಕಾಕ್‌ಫಾಸ್ಟರ್ಸ್‌ವರೆಗೆ, ಪಶ್ಚಿಮದಲ್ಲಿ ಹೌನ್ಸ್‌ಲೊ ಕಡೆಗೆ. ದೂರದಿಂದ ಬರೋ ಜನರಿಗೆ ಮಧ್ಯದಲ್ಲಿ ಹೆಜ್ಜೆಗೊಂದು ನಿಲುಗಡೆ ಕಿರಿಕಿರಿ. ರೈಲು ಬೇಗ ಓಡಬೇಕು ಅಂದರೆ ಜನ ಕಡಿಮೆ ಇರೋ ನಿಲ್ದಾಣ ತೆಗೀಬೇಕು. ಹಾಗೆ ಅವು ಹೋದವು.

ಆಲ್ಡ್‌ವಿಚ್ ಮುಖ್ಯ ಮಾರ್ಗದ ಮೇಲೆ ಇರಲಿಲ್ಲವಲ್ಲ, ಹಾಗಾಗಿ ಅದರಿಂದ ಯಾವ ರೈಲಿಗೂ ಒಂದು ನಿಮಿಷವೂ ತಡ ಆಗ್ತಿರಲಿಲ್ಲ. ತನ್ನ ಪಾಡಿಗೆ ತಾನು ಒಂದು ಗಿಡ್ಡ ರೈಲು ಹಿಂದೆ ಮುಂದೆ ಓಡಿಸಿಕೊಂಡು ಇತ್ತು. ಮುಚ್ಚಬೇಕು ಅನ್ನೋ ಮಾತು ಆಗಲೂ ಬಂದಿತ್ತು, ಆದರೆ ಯಾರಿಗೂ ಅವಸರ ಇರಲಿಲ್ಲ. ಯಾವ ಗುಣ ಇದನ್ನ ನಿರುಪಯೋಗಿ ಮಾಡಿತೋ ಅದೇ ಗುಣ ಆ ಗಂಡಾಂತರದಿಂದ ದಾಟಿಸಿತು.

ಜೊತೆಗೆ ಖರ್ಚನ್ನೂ ಕುಗ್ಗಿಸುತ್ತಾ ಬಂದರು. 1917ರ ಆಗಸ್ಟ್‌ಗೆ ಪೂರ್ವದ ಪ್ಲಾಟ್‌ಫಾರ್ಮ್ ಬಳಕೆ ನಿಂತಿತು. 1922ರಲ್ಲಿ ಟಿಕೆಟ್ ಕೌಂಟರೂ ಮುಚ್ಚಿ, ಲಿಫ್ಟಿನೊಳಗೇ ಟಿಕೆಟ್ ಕೊಡೋ ವ್ಯವಸ್ಥೆ ಮಾಡಿದರು. ಲಿಫ್ಟ್ ನಡೆಸೋನೇ ಟಿಕೆಟ್ ಕೊಡೋನು.

ಬೋಗಿಬಾಬು

ಲಿಫ್ಟಿನಲ್ಲಿ ಟಿಕೆಟ್! ಈ ಐಡಿಯಾ ನಮ್ಮ ಮೇಲಧಿಕಾರಿಗಳ ಕಿವಿಗೆ ಬೀಳದಿರಲಿ.

ಧಾರವಾಡದಾಂವ

ನೀವೆಲ್ಲಾ ಲಿಫ್ಟು, ದುಡ್ಡು ಅಂತ ಕುಂತೀರಿ. ಈ ಸ್ಟೇಷನ್ ಖರೇ ಉಪಯೋಗಕ್ಕ ಬಂದಿದ್ದ ಯುದ್ಧದಾಗ ನೋಡ್ರಿ. ಅದೂ ಎರಡೂ ಯುದ್ಧದಾಗ.

ಮೊದಲನೇ ಯುದ್ಧದಾಗ ಜರ್ಮನಿಯವರು ಝೆಪೆಲಿನ್ ಅನ್ನೂ ಗಾಳಿಹಡಗು ತಗೊಂಡು ಬಂದು ಲಂಡನ್ ಮ್ಯಾಲೆ ಬಾಂಬ್ ಹಾಕಿದ್ರು. 1915ರಾಗ ಈ ಆಲ್ಡ್‌ವಿಚ್ ಸುತ್ತಮುತ್ತಲಿನ ನಾಟಕ ಥೇಟರ್ ಓಣಿಗೂ ಬಿದ್ದಾವ. 1917ಕ್ಕ ದೊಡ್ಡ ದೊಡ್ಡ ಗೋಥಾ ವಿಮಾನ ಬರಾಕ ಹತ್ತಿದ್ವು. ಆವಾಗ ನ್ಯಾಷನಲ್ ಗ್ಯಾಲರಿಯವರು ಏನ್ ಮಾಡಿದ್ರು, ಸುಮಾರು 300 ಚಿತ್ರ ತಂದು ಈ ಖಾಲಿ ಬಿದ್ದ ಪೂರ್ವದ ಪ್ಲಾಟ್‌ಫಾರ್ಮ್‌ನ್ಯಾಗ ಇಟ್ಟರು. 1917ರ ಸೆಪ್ಟೆಂಬರದಿಂದ 1918ರ ಡಿಸೆಂಬರ ತನಕಾ ಅಲ್ಲೇ ಇದ್ವು. ಬಾಜೂಕಿನ ಪ್ಲಾಟ್‌ಫಾರ್ಮ್‌ನ್ಯಾಗ ಮಂದಿ ರೈಲು ಹತ್ತೂದು ಇಳಿಯೂದು ನಡದ ಇತ್ತು.

ಎರಡನೇ ಯುದ್ಧಕ್ಕ ಬಂದ್ರ ಮತ್ತಿಷ್ಟು. 1940ರ ಸೆಪ್ಟೆಂಬರ 22ಕ್ಕ ರೈಲು ಬಂದ್ ಮಾಡಿ ಸ್ಟೇಷನ್ನ ಮಂದಿ ಮಲಗಾಕ ಬಿಟ್ಟುಕೊಟ್ರು. ರೈಲ ಇಲ್ಲಂದ್ರ ಕರೆಂಟೂ ಇಲ್ಲ, ಹಂಗಾಗಿ ಹಳಿ ನಡುವನೂ ಹಾಸಿಗಿ ಹಾಸಿ ಮಲಗ್ಯಾರ. ಆ ಫೋಟೋ ನೋಡಿದ್ರ ಗೊತ್ತಾಗತೈತಿ, ಕಾಲಿಡಾಕ ಜಾಗಾ ಇಲ್ಲ. ಕ್ಯಾಂಟೀನ್ ಇತ್ತು, ಓದಾಕ ಪುಸ್ತಕ ಇದ್ವು, ಹಾಡು-ಕುಣಿತಾನೂ ಆಗತಿದ್ವು. ಅದ ಹೊತ್ತಿನಾಗ ಹೋಬರ್ನ್ ಕಡಿ ಸುರಂಗದಾಗ ಬ್ರಿಟಿಷ್ ಮ್ಯೂಸಿಯಮ್ಮಿನ ಸಾಮಾನು. ಅಥೆನ್ಸಿನಿಂದ ತಂದ ಎಲ್ಗಿನ್ ಶಿಲ್ಪಗಳೂ ಅದರಾಗ ಇದ್ವು.

ಸಂಶಯಪ್ಪ

ಸರ್ಕಾರ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿತು ಅನ್ನೋ ಹಾಗೆ ಬರೆದಿದ್ದೀರಿ.

ಧಾರವಾಡದಾಂವ

ಏ, ಹಂಗೆಲ್ಲಿ ಅಂದೇನ್ರೀ? ಸರ್ಕಾರ ಮೊದಲ ಬ್ಯಾಡಾ ಅಂದಿತ್ತು. ಜನಾ ಒಮ್ಮೆ ಸುರಂಗದಾಗ ಹೊಕ್ಕರ ಹೊರಗ ಬರೂದಿಲ್ಲ, ಕೆಲಸಾ ನಿಂದರತಾವ ಅಂತ ಹೆದರಿಕಿ. ರೈಲು ಓಡೂದಕ್ಕೂ ಅಡ್ಡಿ. ಮಂದಿ ಏನ್ ಮಾಡಿದ್ರು ಗೊತ್ತೈತಿ? ಒಂದೂವರಿ ಪೆನ್ನಿ ಟಿಕೇಟ ತಗೊಂಡ್ರು, ಕೆಳಗ ಇಳದ್ರು, ಮ್ಯಾಲೆ ಬರಲೇ ಇಲ್ಲ! ಟಿಕೇಟ ಇದ್ದಾವನ್ನ ಹೆಂಗ ಹೊರಗ ಹಾಕ್ತಿ? ಸೆಪ್ಟೆಂಬರ ಕೊನಿಗೆ ಒಂದು ರಾತ್ರಿ ಎಣಿಸಿದಾಗ ಲಂಡನ್ನಿನ ಸುರಂಗ ಸ್ಟೇಷನ್ನುಗಳಾಗ ಒಟ್ಟು 1,77,000 ಮಂದಿ ಇದ್ದರು. ಕಡೀಕ ಸರ್ಕಾರನ ಮಣೀತು. ರೈಲು ನಿಲ್ಲಿಸಿದ್ರೂ ಯಾರಿಗೂ ನಷ್ಟ ಇಲ್ಲದ ಕವಲು ಯಾವುದೈತಿ ಅಂತ ನೋಡಿದ್ರ, ಇದ ಸಿಕ್ತು.

ಹಳಿಗುಂಟ

ಕೊನೇ ಸಾಲಿಗೆ ನನ್ನ ಸಹಿ. ಮುಖ್ಯ ಮಾರ್ಗದ ನಿಲ್ದಾಣದಲ್ಲಿ ರೈಲು ನಿಲ್ಲಿಸೋಕೆ ಆಗ್ತಿರಲಿಲ್ಲ. ಅಲ್ಲೆಲ್ಲ ಜನ ಪ್ಲಾಟ್‌ಫಾರ್ಮಿನಲ್ಲಿ ಬಿಳಿ ಗೆರೆಯೊಳಗೆ ಮುದುಡಿಕೊಂಡು, ಕೊನೇ ರೈಲು ಹೋಗೋವರೆಗೆ ಕಾಯಬೇಕಿತ್ತು.

ಕರಾವಳಿ ಕಾಗೆ

ಕೆಳಗೆ ಹೋದವರೆಲ್ಲ ಬಚಾವ್ ಅಂತ ಲೆಕ್ಕವಾ? 1943ರ ಮಾರ್ಚ್‌ನಲ್ಲಿ ಬೆತ್ನಲ್ ಗ್ರೀನ್‌ನಲ್ಲಿ 173 ಜನ ಸತ್ತದ್ದು ಸುರಂಗ ನಿಲ್ದಾಣದ ಮೆಟ್ಟಿಲಲ್ಲೇ ಅಲ್ವಾ.

ಹೋಬರ್ನ್ ಅಕ್ಕ

ಹೌದು, ಅವತ್ತು ಅಲ್ಲಿ ಬಾಂಬೇ ಬಿದ್ದಿರಲಿಲ್ಲ. ಕತ್ತಲಲ್ಲಿ ಇಳಿಯುವಾಗ ಒಬ್ಬರ ಮೇಲೊಬ್ಬರು ಬಿದ್ದು ಉಸಿರುಗಟ್ಟಿ ಸತ್ತರು. ಬಾಲಮ್ ನಿಲ್ದಾಣಕ್ಕೆ 1940ರ ಅಕ್ಟೋಬರ್‌ನಲ್ಲಿ, ಬ್ಯಾಂಕ್ ನಿಲ್ದಾಣಕ್ಕೆ 1941ರ ಜನವರಿಯಲ್ಲಿ ಬಾಂಬ್ ನೇರವಾಗಿ ಬಿದ್ದು ಜನ ಸತ್ತಿದ್ದಾರೆ. ಆ ನಿಲ್ದಾಣಗಳಿಗೆ ಹೋಲಿಸಿದರೆ ಆಲ್ಡ್‌ವಿಚ್ ಪುಣ್ಯವಂತ. ಪ್ಲಾಟ್‌ಫಾರ್ಮ್ ರಸ್ತೆಯಿಂದ 90 ಅಡಿಗೂ ಕೆಳಗಿದೆ.

ಮೇಲಿನ ರಸ್ತೆಗೆ ಆ ಪುಣ್ಯ ಇರಲಿಲ್ಲ. 1944ರ ಜೂನ್ 30ರ ಮಧ್ಯಾಹ್ನ, ಜನ ಊಟದ ಹೊತ್ತಿಗೆ ಹೊರಗಿದ್ದಾಗ, ವಿ-1 ಹಾರುಬಾಂಬ್ ಬುಷ್ ಹೌಸ್ ಎದುರೇ ಬಿತ್ತು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಬುಷ್ ಹೌಸ್ ಅಂದರೆ 2012ರವರೆಗೆ ಬಿಬಿಸಿ ವರ್ಲ್ಡ್ ಸರ್ವಿಸ್ ಇದ್ದ ಕಟ್ಟಡ. ಪಕ್ಕದಲ್ಲೇ ನಮ್ಮ ಇಂಡಿಯಾ ಹೌಸ್.

ಮಲ್ಲಿಗೆಪುರದ ವಿದ್ಯಾರ್ಥಿ

ಇಂಡಿಯಾ ಹೌಸ್ ಅಂದಿರಲ್ಲ, ಹೈಕಮಿಷನ್ ಕೆಲಸಕ್ಕೆ ಅಂತ ಹೋದ ಕನ್ನಡದೋರು ಎಷ್ಟೋ ಜನ ಈ ಕೆಂಪು ಗೋಡೆ ಮುಂದೆಯೇ ಹಾದುಹೋಗಿರ್ತಾರೆ, ಇದೇನು ಅಂತ ತಿಳಿಯದೆ. 1930ರಲ್ಲಿ ತೆರೆದ ಆ ಕಟ್ಟಡದ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್, ನವದೆಹಲಿಯ ಸೆಕ್ರೆಟೇರಿಯಟ್ ಕಟ್ಟಡಗಳನ್ನ ಮಾಡಿದವರೂ ಅವರೇ.

ಇನ್ನೊಂದು. ನಾನು ಓದ್ತಿರೋದು ಅಲ್ಲೇ ಹತ್ತಿರದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಅಂದರೆ ಎಲ್‌ಎಸ್‌ಇಯಲ್ಲಿ. ನಿಲ್ದಾಣದಿಂದ ಕೆಲವೇ ನಿಮಿಷದ ನಡಿಗೆ. ಅಂಬೇಡ್ಕರ್ ಇಲ್ಲಿಗೆ ಮೊದಲು ಬಂದದ್ದು 1916ರಲ್ಲಿ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಊರಿಗೆ ಮರಳಬೇಕಾಯ್ತು, 1920ರಲ್ಲಿ ಮತ್ತೆ ಬಂದು 1923ಕ್ಕೆ ಡಿ.ಎಸ್ಸಿ ಪಡೆದರು. ಎರಡೂ ಅವಧಿಯಲ್ಲಿ ಈ ನಿಲ್ದಾಣ ತೆರೆದೇ ಇತ್ತು. ಟಿಕೆಟ್ ಕೌಂಟರ್ ಮುಚ್ಚಿದ್ದು ಅವರು ಇಲ್ಲಿದ್ದಾಗಲೇ.

ನನ್ನ ಪ್ರಶ್ನೆ ಬೇರೆ. ಇಷ್ಟೊಂದು ಕಾಲೇಜು, ಕೋರ್ಟು, ಕಚೇರಿ, ಥಿಯೇಟರ್ ಇರೋ ಜಾಗ. ಎಲ್‌ಎಸ್‌ಇ, ಕಿಂಗ್ಸ್ ಕಾಲೇಜು, ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಎಲ್ಲ ಕೂಗಳತೆಯಲ್ಲಿ. ಆದರೂ ದಿನಕ್ಕೆ 450 ಜನವೇ?

ಬೋಗಿಬಾಬು

ಜನ ಇದ್ದರು ತಮ್ಮಾ, ಅವರಿಗೆ ಈ ರೈಲು ಬೇಕಿರಲಿಲ್ಲ. ನೀನೇ ಯೋಚನೆ ಮಾಡು. ಹೋಬರ್ನ್‌ನಲ್ಲಿ ಇಳಿದೆ. ಆಲ್ಡ್‌ವಿಚ್ ರೈಲಿಗೆ ಪ್ಲಾಟ್‌ಫಾರ್ಮ್ ಬದಲಿಸಬೇಕು, ಅದು ಬರೋವರೆಗೆ ಕಾಯಬೇಕು, ಒಂದೆರಡು ನಿಮಿಷ ಓಡುತ್ತೆ, ಆಮೇಲೆ ಲಿಫ್ಟಿಗೆ ಕಾಯಬೇಕು. ಇಷ್ಟು ಹೊತ್ತಿಗೆ ಹೋಬರ್ನ್‌ನಿಂದ ಕಿಂಗ್ಸ್‌ವೇ ಹಿಡಿದು ನಡೆದವನು ಕ್ಲಾಸಿನಲ್ಲಿ ಕೂತಿರ್ತಾನೆ. ನಡೆಯೋಕೆ ಬೇಜಾರು ಅಂದರೆ ಕಿಂಗ್ಸ್‌ವೇ ತುಂಬ ಬಸ್ಸು. 1952ರವರೆಗೆ ಅದೇ ರಸ್ತೆಯಡಿ ಟ್ರ್ಯಾಮ್ ಸುರಂಗವೂ ಇತ್ತು. ದಕ್ಷಿಣಕ್ಕೆ ಸರ್ರೆ ಸ್ಟ್ರೀಟ್ ಇಳಿದರೆ ನದಿ ದಂಡೆ ಹತ್ತಿರ ಟೆಂಪಲ್ ನಿಲ್ದಾಣ, ಅದು 1870ರದು.

ಅಂದರೆ ಆಲ್ಡ್‌ವಿಚ್‌ಗೆ ಸುತ್ತಲಿನ ಜನ ಸಾಲದೆ ಹೋಗಲಿಲ್ಲ, ಅಲ್ಲಿಂದ ಮುಂದೆ ಎಲ್ಲಿಗೂ ಹೋಗೋಕಾಗ್ತಿರಲಿಲ್ಲ. ವಾಟರ್‌ಲೂಗೆ ಹೋಗಿದ್ದರೆ ಕತೆಯೇ ಬೇರೆ. ದಕ್ಷಿಣದ ಊರುಗಳಿಂದ ಬೆಳಗ್ಗೆ ಸಾವಿರಾರು ಜನ ವಾಟರ್‌ಲೂನಲ್ಲಿ ಇಳೀತಾರೆ, ಹೋಬರ್ನ್ ಕಡೆ ಅವರಿಗೆ ನೇರ ಸುರಂಗ ರೈಲು ಇಲ್ಲ. ಇವತ್ತಿಗೂ ಇಲ್ಲ.

ಹಳಿಗುಂಟ

ವಾಟರ್‌ಲೂ ಯೋಜನೆ ಎಷ್ಟು ಸಲ ಎದ್ದು ಕೂತು ಮತ್ತೆ ಮಲಗಿತು ಅಂತ ನೋಡಿ. ಕಟ್ಟೋ ಕಾಲದಲ್ಲೇ ಒಂದು ಸಲ. ಯುದ್ಧ ಮುಗಿದು 1946ರ ಜುಲೈ 1ರಂದು ನಿಲ್ದಾಣ ಮತ್ತೆ ತೆರೀತು, ಆಮೇಲೆ ಮತ್ತೆ ಆ ಮಾತು. 1965ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆಯೂ ಸಿಕ್ಕಿತು. ದುಡ್ಡು ಬರಲಿಲ್ಲ. ಅಷ್ಟರಲ್ಲಿ, 1962ರಿಂದಲೇ, ಆಲ್ಡ್‌ವಿಚ್ ರೈಲು ವಾರದ ದಿನಗಳಲ್ಲಿ ಬೆಳಗ್ಗೆ ಸಂಜೆ ಕಚೇರಿ ಹೊತ್ತಿಗೆ ಮಾತ್ರ ಓಡ್ತಿತ್ತು.

ಇನ್ನೂ ದೊಡ್ಡ ಆಸೆ ಹುಟ್ಟಿಸಿದ್ದು ಫ್ಲೀಟ್ ಲೈನ್. ಈಗ ಜುಬಿಲಿ ಲೈನ್ ಅಂತೀವಲ್ಲ, ಅದರ ಮೊದಲ ಹೆಸರು. ಚೇರಿಂಗ್ ಕ್ರಾಸ್‌ನಿಂದ ಆಲ್ಡ್‌ವಿಚ್ ಮೂಲಕ ಲಡ್‌ಗೇಟ್, ಕ್ಯಾನನ್ ಸ್ಟ್ರೀಟ್, ಫೆನ್‌ಚರ್ಚ್ ಸ್ಟ್ರೀಟ್ ಅಂತ ಪೂರ್ವಕ್ಕೆ ಹೋಗಬೇಕು ಅನ್ನೋ ನಕ್ಷೆ. ಅದಾಗಿದ್ದರೆ ಆಲ್ಡ್‌ವಿಚ್ ಜಂಕ್ಷನ್ ಆಗ್ತಿತ್ತು! 1979ರಲ್ಲಿ ಮಾರ್ಗ ಚೇರಿಂಗ್ ಕ್ರಾಸ್‌ವರೆಗೆ ಬಂದು ನಿಂತಿತು. ಮುಂದಿನ ಭಾಗ ಕಟ್ಟಲೇ ಇಲ್ಲ. 1990ರ ದಶಕದಲ್ಲಿ ಮತ್ತೆ ಕೈಗೆತ್ತಿಕೊಂಡಾಗ ಡಾಕ್‌ಲ್ಯಾಂಡ್ಸ್ ಕಡೆ ಎತ್ತರದ ಕಟ್ಟಡಗಳು ಎದ್ದಿದ್ದವು, ಮಾರ್ಗವನ್ನ ವೆಸ್ಟ್‌ಮಿನ್‌ಸ್ಟರ್, ವಾಟರ್‌ಲೂ ಕಡೆ ತಿರುಗಿಸಿ 1999ರಲ್ಲಿ ಸ್ಟ್ರಾಟ್‌ಫರ್ಡ್‌ವರೆಗೆ ಒಯ್ದರು. ಚೇರಿಂಗ್ ಕ್ರಾಸ್‌ನ ಇಪ್ಪತ್ತೇ ವರ್ಷದ ಹೊಸ ಜುಬಿಲಿ ಪ್ಲಾಟ್‌ಫಾರ್ಮ್‌ಗಳೂ ಆಗ ಪಾಳು ಬಿದ್ದವು.

ಸಂಶಯಪ್ಪ

ಸರಿ, ಈಗ ನನ್ನ ಲೆಕ್ಕ ಕೇಳಿ. ಕೊನೆಗೆ ವರ್ಷಕ್ಕೆ 1,50,000 ಪೌಂಡ್ ನಷ್ಟ ಅಂತ ಹೇಳಿದ್ದರು. ದಿನಕ್ಕೆ 450 ಜನ, ವಾರಕ್ಕೆ ಐದು ದಿನ ಹಿಡಿದರೆ ವರ್ಷಕ್ಕೆ ಹತ್ತಿರ ಹತ್ತಿರ 1,15,000. ತಲೆಗೆ 1 ಪೌಂಡ್ 30 ಪೆನ್ಸ್ ನಷ್ಟ. ಇಷ್ಟು ನಷ್ಟವನ್ನ ಲಂಡನ್ನಿನಂಥ ಊರು ಇನ್ನೂ ಐವತ್ತು ವರ್ಷ ತಡೆದುಕೊಳ್ತಿತ್ತು. ತಡೆದುಕೊಂಡೇ ಬಂದಿತ್ತು. ಆದರೆ ಲಿಫ್ಟ್‌ನ 30 ಲಕ್ಷವನ್ನ ಅದೇ 450ಕ್ಕೆ ಹಂಚಿ: ಬಂದು ಹೋಗೋ ಒಬ್ಬೊಬ್ಬರ ಮೇಲೆ 6,600 ಪೌಂಡ್‌ಗೂ ಹೆಚ್ಚು. ಅದನ್ನ ಯಾವ ಊರೂ ಕೊಡಲ್ಲ. ನೀವು ಹೇಳೋ 1902ರ ರೋಗ 87 ವರ್ಷ ಕೊಲ್ಲಲಿಲ್ಲ. ಲಿಫ್ಟ್ ಒಂದೇ ಏಟಿಗೆ ಕೊಂದಿತು.

ಹಳಿಗುಂಟ

450 ಯಾಕಾಯ್ತು ಅನ್ನೋದು ನಿಮ್ಮ ಲೆಕ್ಕದಲ್ಲಿ ಇಲ್ಲವಲ್ಲ. ಅದೇ ಲೆಸ್ಲಿ ಗ್ರೀನ್ ಕಟ್ಟಿದ ಕೋವೆಂಟ್ ಗಾರ್ಡನ್‌ನಲ್ಲೂ ಲಿಫ್ಟೇ ಇರೋದು. ಅವನ್ನ ಬದಲಿಸಿದ್ದಾರೆ, ಈಗಲೂ ಓಡ್ತಿವೆ. ಯಾಕೆ? ಅಲ್ಲಿ ಜನ ಇದ್ದಾರೆ, ಯಾಕೆಂದರೆ ಅದು ಮುಖ್ಯ ಮಾರ್ಗದ ಮೇಲಿದೆ. ಲಿಫ್ಟ್ ಹಳತಾಗೋದು ಎಲ್ಲ ಕಡೆ ಇದ್ದದ್ದೇ.

ಸಂಶಯಪ್ಪ

ಹಾಗಾದರೆ ಮೆಟ್ಟಿಲು ಇಳಿದು ಹೋಗುವಷ್ಟು ಮೇಲೆಯೇ ಸುರಂಗ ಇದ್ದಿದ್ದರೆ, ಬಾಲವೇ ಆಗಿದ್ದರೂ ಅದು ಇವತ್ತೂ ಓಡ್ತಿತ್ತು. ಒಪ್ಪುತ್ತೀರಾ?

ಹಳಿಗುಂಟ

ಕಚೇರಿ ಹೊತ್ತಿಗೆ ಮಾತ್ರ, ಖಾಲಿ ಖಾಲಿ. ಅದನ್ನ ಓಡೋದು ಅಂತೀರಾದರೆ ಒಪ್ಪಿದೆ.

ಧಾರವಾಡದಾಂವ

ಇಬ್ಬರೂ ಒಂದ ಮಾತ ಎರಡ ಕಡಿಯಿಂದ ಹೇಳಾಕ ಹತ್ತೀರಿ, ಜಗಳಾ ಮಾತ್ರ ಜೋರ ಐತಿ.

ಕರಾವಳಿ ಕಾಗೆ

ಈಗ ಒಳಗೆ ಏನುಂಟು? ಹಳಿ ಕಿತ್ತು ಹಾಕಿದ್ದಾರಾ?

ಹೋಬರ್ನ್ ಅಕ್ಕ

ಇಲ್ಲ. ಪಶ್ಚಿಮದ ಸುರಂಗಕ್ಕೆ ಈಗಲೂ ಹೋಬರ್ನ್‌ನಿಂದ ಹಳಿ ಸಂಪರ್ಕ ಇದೆ, ಒಂದು ಹಳೆಯ 1972ರ ಮಾದರಿಯ ರೈಲನ್ನ ಅಲ್ಲೇ ನಿಲ್ಲಿಸಿದ್ದಾರೆ. ಸಿನಿಮಾ, ಧಾರಾವಾಹಿಯವರಿಗೆ ಅದೇ ಬಂಡವಾಳ. ಲಂಡನ್ ಸುರಂಗ ರೈಲಿನ ದೃಶ್ಯ ಪರದೆ ಮೇಲೆ ಬಂದರೆ ಎಷ್ಟೋ ಸಲ ಅದು ಆಲ್ಡ್‌ವಿಚ್ಚೇ. ಮುಚ್ಚೋಕೆ ಮೊದಲೂ ವಾರಾಂತ್ಯದಲ್ಲಿ ರೈಲು ಇರ್ತಿರಲಿಲ್ಲವಲ್ಲ, ಆಗಲೂ ಚಿತ್ರೀಕರಣಕ್ಕೆ ಕೊಡ್ತಿದ್ದರು.

ಪೂರ್ವದ ಪ್ಲಾಟ್‌ಫಾರ್ಮನ್ನ ಬೇರೆ ನಿಲ್ದಾಣಗಳ ಹೊಸ ಟೈಲ್ಸ್ ವಿನ್ಯಾಸ ಅಂಟಿಸಿ ನೋಡೋ ಪ್ರಯೋಗಶಾಲೆ ಮಾಡಿಕೊಂಡಿದ್ದರು. ಅಲ್ಲಿಯ ಗೋಡೆ ಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ತುಂಡುಗಳು ಕಾಣೋದು ಅದಕ್ಕೇ. ಯಾರೋ ಅರ್ಧಂಬರ್ಧ ದುರಸ್ತಿ ಮಾಡಿದ್ದಾರೆ ಅಂದುಕೊಳ್ಳಬೇಡಿ.

2011ರಲ್ಲಿ ಕಟ್ಟಡಕ್ಕೆ ಗ್ರೇಡ್ 2 ಪಾರಂಪರಿಕ ಸ್ಥಾನ ಸಿಕ್ಕಿತು, ಇನ್ನು ಸುಲಭಕ್ಕೆ ಕೆಡವೋ ಹಾಗಿಲ್ಲ. ಎದುರಿನ ಸ್ಟ್ರಾಂಡ್ ರಸ್ತೆಯಲ್ಲೂ 2022ರಿಂದ ವಾಹನ ಇಲ್ಲ, ಬರೀ ನಡೆಯೋರಿಗೆ. ಈಗ ನಿಧಾನವಾಗಿ ನಿಂತು ನೋಡಬಹುದು.

ಮಲ್ಲಿಗೆಪುರದ ವಿದ್ಯಾರ್ಥಿ

ಒಳಗೆ ಹೋಗೋದು ಹೇಗೆ ಅಕ್ಕಾ?

ಹೋಬರ್ನ್ ಅಕ್ಕ

ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂನವರು ಹಿಡನ್ ಲಂಡನ್ ಅಂತ ಮುಚ್ಚಿದ ನಿಲ್ದಾಣಗಳ ಪ್ರವಾಸ ಮಾಡಿಸ್ತಾರೆ, ಅದರಲ್ಲಿ ಇದೂ ಬರುತ್ತೆ. ಟಿಕೆಟ್ ದುಬಾರಿ, ಬೇಗ ಖರ್ಚಾಗುತ್ತೆ, ಬಿಟ್ಟ ದಿನವೇ ಹಿಡೀಬೇಕು. ಮಂಡಿ ನೋವಿದ್ದವರು ಯೋಚಿಸಿ ಹೋಗಿ. ಲಿಫ್ಟ್ ಇಲ್ಲ, ಸುತ್ತು ಮೆಟ್ಟಿಲು, ಇಳಿದಷ್ಟನ್ನೂ ಹತ್ತಬೇಕು.

ಸಂಶಯಪ್ಪ

ನೋಡಿ, ಮತ್ತೆ ಲಿಫ್ಟ್‌ಗೇ ಬಂತು.

ಬೋಗಿಬಾಬು

ಈ ಜಗಳ ಬಗೆಹರಿಯಲ್ಲ, ಒಂದು ವಿಷಯ ಹೇಳಿ ಹೋಗ್ತೀನಿ. ಆಲ್ಡ್‌ವಿಚ್ ಮುಚ್ಚಿದ ದಿನವೇ, 1994ರ ಸೆಪ್ಟೆಂಬರ್ 30ಕ್ಕೆ, ಇನ್ನೊಂದು ತುದಿಯೂ ಮುಚ್ಚಿತು: ಸೆಂಟ್ರಲ್ ಲೈನಿನ ಎಪಿಂಗ್‌ನಿಂದ ಓಂಗಾರ್‌ವರೆಗಿನ ಭಾಗ. ಅದು ಹಳ್ಳಿಗಾಡಿನಲ್ಲಿ, ನೆಲದ ಮೇಲೆ. ಅಲ್ಲಿ ಲಿಫ್ಟೂ ಇಲ್ಲ, ಸುರಂಗವೂ ಇಲ್ಲ, ಆದರೂ ಮುಚ್ಚಿದರು. ಅದನ್ನ ಆಮೇಲೆ ಹವ್ಯಾಸಿಗಳು ಕೈಗೆತ್ತಿಕೊಂಡು ಉಗಿಬಂಡಿ, ಡೀಸೆಲ್ ಬಂಡಿ ಓಡಿಸ್ತಿದ್ದಾರೆ. ಸಂಶಯಪ್ಪನವರೇ, ಓಂಗಾರ್‌ನ ಕೊಂದದ್ದು ಯಾವ ಲಿಫ್ಟು?

ಸಂಶಯಪ್ಪ

ಅದಕ್ಕೆ ಬೇರೆ ಎಳೆ ತೆಗೀರಿ, ಅಲ್ಲೂ ಬರ್ತೀನಿ.